ಚೌರಪ್ಪನ ನೂರು ಪೆಟ್ಟು

ಪೂಜ್ಯ ಸಂತಿಯಾಗು ಸ್ವಾಮಿಗಳು ಗುಂಡುಗಲ್ಲುಪಾಳ್ಯದ ಗುಡಿಯಲ್ಲಿ ಗುರುಗಳಾಗಿದ್ದಾಗ ಅವರ ಬಿಡಾರವೆಂದರೆ ಗುಡಿಯ ಹಿಂದಿನ ಹೆಂಚಿನ ಕೋಣೆ, ಒಂದು ಚಾಪೆ, ಗೋಡೆಯ ಮೇಲೊಂದು ಶಿಲುಬೆ. ಅಡುಗೆಯನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಅವರ ಸಾರನ್ನು ಮಾತ್ರ ಎಷ್ಟು ಭಕ್ತಿಯಿದ್ದರೂ ಹೊಗಳಲು ನನ್ನಿಂದಾಗದು. ಆ ಗುಡಿಯಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿಯಾಗಿದ್ದ ನಾನು ಒಂಬತ್ತು ವರ್ಷ ಅದನ್ನು ಉಂಡವನು.

ಗುಡಿಗೆ ಗಂಟೆ ಹೊಡೆಯುತ್ತಿದ್ದವನು ಚೌರಪ್ಪ. ಆ ಊರಿನಲ್ಲಿ ಯಾರಿಗಾದರೂ ಪ್ರಾಣಸಂಕಟವಾದರೆ ಮನೆಯವರು ಮೊದಲು ಗಂಟೆಯವನಿಗೆ ಹೇಳಿಕಳಿಸುವುದು ಪದ್ಧತಿ. ಅವನು ಬಿಡದೆ ಬಾರಿಸುತ್ತಾನೆ. ಗುರುಗಳು ಎಲ್ಲಿದ್ದರೂ ಪವಿತ್ರ ತೈಲ ಹಿಡಿದು ಓಡಿಬಂದು, ಪ್ರಾಣ ಹೋಗುವ ಮೊದಲು ತೈಲ ಹಚ್ಚಿ ಪಾಪಕ್ಷಮೆ ಕೊಡುತ್ತಾರೆ. ಚೌರಪ್ಪನ ತಮ್ಮ ಅಂತೋಣಿ ಹಾವು ಕಚ್ಚಿ ಸತ್ತು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಇವನು ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಮುಗಿದ ಮೇಲೂ ತಮ್ಮನ ಹೆಸರಿನಲ್ಲಿ ದಿನಕ್ಕೆ ನೂರು ಪೆಟ್ಟು ಹೊಡೆಯುತ್ತಿದ್ದ. ಎಂಥ ಪ್ರೀತಿ ಎಂದು ಊರೆಲ್ಲ ಮೆಚ್ಚುತ್ತಿತ್ತು. ಆದರೆ ಆ ಹನ್ನೊಂದು ವರ್ಷ ಅವನು ಒಮ್ಮೆಯೂ ಪೂಜೆಯಲ್ಲಿ ಗುರುಗಳು ಬಾಯಿಗಿಡುವ ಪರಮಪ್ರಸಾದ ಸ್ವೀಕರಿಸಿರಲಿಲ್ಲ. ಎಲ್ಲರೂ ಪೀಠದ ಬಳಿಗೆ ಹೋದಾಗ ಇವನೊಬ್ಬ ಹಗ್ಗದ ಬಳಿ ತಲೆ ತಗ್ಗಿಸಿ ನಿಂತಿರುತ್ತಿದ್ದ.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದ ಒಂದು ಶುಕ್ರವಾರ. ಸ್ವಾಮಿಗಳೂ ನಾನೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ನೆತ್ತಿ ಸುಡುವ ಬಿಸಿಲು. ಗಂಟೆ ಹೊಡೆಯುತ್ತಲೇ ಇತ್ತು. ಮೂವತ್ತನೆಯದೋ ಮೂವತ್ತೊಂದನೆಯದೋ ಪೆಟ್ಟು ಬಿದ್ದಿರಬೇಕು, ಇದ್ದಕ್ಕಿದ್ದಂತೆ ಸದ್ದು ನಿಂತಿತು. ಚೌರಪ್ಪ ಬಿದ್ದನೇನೋ ಎಂದು ಕತ್ತೆತ್ತಿ ನೋಡಿದೆ. ಗೋಪುರದಲ್ಲಿ ಗಂಟೆ ಓಲಾಡುತ್ತಿತ್ತು. ಅದರ ನಾಲಿಗೆ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಬಡಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ದಿನವೂ ಮೊದಲ ಪೆಟ್ಟಿಗೇ ಹಾರಿಹೋಗುವ ಪಾರಿವಾಳಗಳು ಬಂದು ಗಂಟೆಯ ಮೇಲಿನ ತೊಲೆಯಲ್ಲೇ ಸಾಲಾಗಿ ಕುಳಿತಿದ್ದವು.

ನಾನು ಮೆಟ್ಟಿಲೇರಿ ಹೋಗಿ ಕಲ್ಲೊಂದರಿಂದ ಗಂಟೆಯನ್ನು ಕುಟ್ಟಿದೆ. ಕಂಚು ಅದುರಿದ್ದು ಅಂಗೈಗೆ ತಿಳಿಯಿತು, ಕಿವಿಗೆ ಏನೂ ಬರಲಿಲ್ಲ. ನನ್ನ ಉಸಿರು ನನಗೆ ಕೇಳಿಸುತ್ತಿತ್ತು. ಸುಳ್ಳೇಕೆ, ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಕೆಳಗಿಳಿದೆ.

ಕೆಳಗೆ ಚೌರಪ್ಪ ಇನ್ನೂ ಎಳೆಯುತ್ತಲೇ ಇದ್ದ. ಅಂಗೈ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತ್ತು. ಸ್ವಾಮಿಗಳು ಬಂದು ಅವನ ಎದುರು ನಿಂತರು.

"ದೇವರು ನನ್ನ ಕೈಬಿಟ್ಟರು ಸ್ವಾಮಿ," ಎಂದ ಅವನು. "ಇನ್ನು ನನಗೆ ನರಕವೇ ಗತಿ."

ಆಮೇಲೆ ಎಲ್ಲವನ್ನೂ ಹೇಳಿಕೊಂಡ. ಪಾಪನಿವೇದನೆಯನ್ನು ಗುರುಗಳಲ್ಲದೆ ಬೇರೆಯವರು ಕೇಳಬಾರದೆಂದು ನಾನು ದೂರ ಸರಿದೆ. ಮುಂದೆ ಚೌರಪ್ಪನೇ ಊರವರೆದುರು ಒಪ್ಪಿಕೊಂಡದ್ದರಿಂದ ಬರೆಯುತ್ತಿದ್ದೇನೆ. ಸ್ವಾಮಿಗಳ ಬಾಯಿಂದ ಒಂದಕ್ಷರವೂ ಹೊರಬಿದ್ದದ್ದಲ್ಲ. ಅಂತೋಣಿಗೆ ಹಾವು ಕಚ್ಚಿದ ದಿನ ಅವನ ಹೆಂಡತಿ ಆರೋಗ್ಯಮ್ಮ ಹೇಳಿಕಳಿಸಿದ್ದಳು. ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಒದ್ದಾಡಲಿ ಸ್ವಲ್ಪ ಎಂದು ಚೌರಪ್ಪ ಹಗ್ಗ ಮುಟ್ಟದೆ ಕೂತ. ಸ್ವಾಮಿಗಳಿಗೆ ಸುದ್ದಿ ಮುಟ್ಟಿ ಅವರು ಬರುವಷ್ಟರಲ್ಲಿ ಅಂತೋಣಿಯ ಉಸಿರು ನಿಂತಿತ್ತು. ಗಂಟೆ ಹೊಡೆದಿದ್ದೆ, ಗಾಳಿ ಎದುರಾಗಿತ್ತು ಎಂದು ಎಲ್ಲರಿಗೂ ಹೇಳಿಬಿಟ್ಟ.

"ನನ್ನಿಂದ ತಮ್ಮನಿಗೆ ಪಾಪವಿಮೋಚನೆ ತಪ್ಪಿತು. ಇನ್ನೆಷ್ಟು ಹೊಡೆದರೆ ತೀರುತ್ತದೆ, ಹೇಳಿ ಸ್ವಾಮಿ."

ಸ್ವಾಮಿಗಳು ಅವನ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿದರು.

"ಚೌರಪ್ಪಾ, ಅವತ್ತು ತಡವಾಗಿ ಬಂದವನು ನಾನು. ದೇವರೂ ತಡವಾಗಿ ಬಂದರೆಂದು ನಿನಗೆ ಯಾರು ಹೇಳಿದರು?"

ಚೌರಪ್ಪ ತಲೆಯೆತ್ತಿ ಅವರ ಮುಖ ನೋಡಿದ.

"ದುಡಿದು ತೀರಿಸು ಎಂದು ಅವರು ಕೇಳಲಿಲ್ಲ, ಮಗು. ನಿನ್ನ ಪಾಪವನ್ನು ಶಿಲುಬೆಯ ಮೇಲೆ ಅವರೇ ಹೊತ್ತಿದ್ದಾರೆ. ಅವರು ಕೊಡುವ ಕ್ಷಮೆಯನ್ನು ನೀನು ತೆಗೆದುಕೊಳ್ಳಬೇಕು, ಅಷ್ಟೆ." ಅಲ್ಲೇ ಅವನ ತಲೆಯ ಮೇಲೆ ಕೈಯಿಟ್ಟು ಪಾಪಕ್ಷಮೆ ದಯಪಾಲಿಸಿದರು. "ಈಗ ಆರೋಗ್ಯಮ್ಮನ ಮನೆಗೆ ಹೋಗು."

"ಅವಳು ಕ್ಷಮಿಸದಿದ್ದರೆ?"

"ದೇವರು ಕ್ಷಮಿಸಿದವನಾಗಿ ಹೋಗು."

ಮರುದಿನ ಬೆಳಗಿನ ಪ್ರಾರ್ಥನೆಗೆ ಗಂಟೆ ಎಂದಿನಂತೆಯೇ ಮೊಳಗಿತು. ಪೇಟೆಯಿಂದ ಕಂಚುಗಾರನನ್ನು ಕರೆಸಿ ತೋರಿಸಿದೆವು. ಒಂದು ಬಿರುಕೂ ಇರಲಿಲ್ಲ. ಏನಾಗಿತ್ತೆಂದು ಕೇಳಿದರೆ ಸ್ವಾಮಿಗಳು ಬೇರೆ ಮಾತು ತೆಗೆಯುತ್ತಿದ್ದರು.

ಚೌರಪ್ಪ ಆ ಶುಕ್ರವಾರವೇ ಆರೋಗ್ಯಮ್ಮನ ಹೊಸಲಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಭಾವ," ಎಂದಳು. "ಅವರ ತಲೆ ನನ್ನ ತೊಡೆ ಮೇಲಿತ್ತು. ಗಂಟೆ ಈಗ ಕೇಳುತ್ತೆ, ಈಗ ಕೇಳುತ್ತೆ ಅಂತ ಇಬ್ಬರೂ ಕಾದಿದ್ವಿ. ನಾಲ್ಕು ವರ್ಷ ನಿಮ್ಮನ್ನ ಶಪಿಸಿದೆ. ಆಮೇಲೆ ಬಿಟ್ಟುಬಿಟ್ಟೆ. ನೀವು ಮಾತ್ರ ದಿನಾ ಹೊಡೆದು ಹೊಡೆದು ನೆನಪು ಮಾಡ್ತಿದ್ರಿ."

ಚೌರಪ್ಪ ಅಲ್ಲೇ ಕುಸಿದು ಕುಳಿತು ಅತ್ತ. ಭಾನುವಾರ ಪೂಜೆಯಲ್ಲಿ ಆರೋಗ್ಯಮ್ಮನ ಹಿಂದೆ ಸಾಲಿನಲ್ಲಿ ಬಂದು, ಹನ್ನೊಂದು ವರ್ಷದ ಮೇಲೆ, ಪೀಠದ ಮುಂದೆ ಮಂಡಿಯೂರಿ ಬಾಯಿ ತೆರೆದ.