ಉಪ್ಪು ಸೇರದ ನಾಯಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ರೇವಣಜ್ಜ ಅಲ್ಲಿಯ ಗುರು. ಗಿರಿಮಲ್ಲ ಅವರ ಶಿಷ್ಯ.

ಪೇಟೆಯ ದನದ ಡಾಕ್ಟರು ಬೀದಿಯಲ್ಲಿ ಪೆಟ್ಟು ತಿಂದು ಬಿದ್ದ ನಾಯಿಗಳನ್ನು ತಂದು ಮಠದಲ್ಲಿ ಬಿಡುತ್ತಿದ್ದರು. ಅವು ಚೇತರಿಸಿಕೊಳ್ಳುವವರೆಗೆ ಸಾಕಿ, ಒಳ್ಳೆಯ ಮನೆ ನೋಡಿ ಕೊಡುವುದು ಗಿರಿಮಲ್ಲನ ಕೆಲಸ. ಅದರಲ್ಲಿ ಅವನದು ಎತ್ತಿದ ಕೈ. ಮಗಳಿಗೆ ವರ ನೋಡುವ ತಂದೆ ಕೂಡ ಅವನಷ್ಟು ಪ್ರಶ್ನೆ ಕೇಳುವುದಿಲ್ಲ. ಹಾಗೆ ಕೇಳಿ ಕೇಳಿಯೇ ಹನ್ನೊಂದು ನಾಯಿಗಳಿಗೆ ಮನೆ ಮಾಡಿಕೊಟ್ಟಿದ್ದ.

ಹನ್ನೆರಡನೆಯದು ಮಾತ್ರ ಉಳಿದುಬಿಟ್ಟಿತು. ಕಂದು ಬಣ್ಣದ ಹೆಣ್ಣು ನಾಯಿ.

ಡಾಕ್ಟರು ಹೇಳಿದ್ದರು: "ಇದರ ಗುಂಡಿಗೆ ಸೋತದ. ವಾಸಿ ಆಗೂದಲ್ಲ. ದಿನಾ ಎರಡು ಹೊತ್ತು ಗುಳಿಗಿ ಕೊಡು, ಉಪ್ಪು ಮುಟ್ಟಿಸಬ್ಯಾಡ. ಚಲೋ ನೋಡ್ಕೊಂಡ್ರ ಒಂದು ವರ್ಷ ಇದ್ದೀತು."

ಬಂದವರೆಲ್ಲ ನಾಯಿಯ ತಲೆ ಸವರಿ ಮೆಚ್ಚುತ್ತಿದ್ದರು. ರೋಗದ ಮಾತು ಬಂದೊಡನೆ, ಮನೆಯಲ್ಲಿ ಕೇಳಿ ತಿಳಿಸುತ್ತೇವೆ ಎಂದು ಚಪ್ಪಲಿ ಮೆಟ್ಟುತ್ತಿದ್ದರು. ತಿಳಿಸಿದವರು ಒಬ್ಬರೂ ಇಲ್ಲ. ಹೀಗೇ ನಾಲ್ಕು ತಿಂಗಳಾಯಿತು. ಗಿರಿಮಲ್ಲ ದಿನವೂ ನುಚ್ಚಿಗೆ ಉಪ್ಪು ಬೀಳುವ ಮೊದಲೇ ನಾಯಿಯ ಪಾಲನ್ನು ತೆಗೆದಿಡುತ್ತಿದ್ದ.

ಒಂದು ಬೆಳಿಗ್ಗೆ ಬಾಳವ್ವ ಬಂದಳು. ಹೊಳೆಯಾಚೆಯ ಊರಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇರುವ ಹೆಂಗಸು. ನಾಯಿ ಎದ್ದು ಹೋಗಿ ಅವಳ ಕಾಲಿಗೆ ಆತು ಮಲಗಿತು.

"ಇದಕ್ಕ ಉಪ್ಪು ಸೇರಂಗಿಲ್ಲವ್ವ, ಸಪ್ಪನ್ನ ನುಚ್ಚು ಹಾಕು" ಎಂದ ಗಿರಿಮಲ್ಲ. "ಇವು ಶಕ್ತಿ ಗುಳಿಗಿ. ಎರಡು ಹೊತ್ತು ಕೊಡು."

ಬಾಳವ್ವ ಖುಷಿಯಿಂದ ನಾಯಿಯನ್ನು ಕರೆದುಕೊಂಡು ಹೋದಳು.

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದರು: "ಉಪ್ಪು ಯಾಕ ಸೇರಂಗಿಲ್ಲ ಅನ್ನೂದು ಹೇಳಿದೇನು?"

"ಇಲ್ರಿ ಅಜ್ಜಾರ. ಹೇಳಿದ್ರ ಆಕಿನೂ ತಿರುಗಿ ಹೋಗ್ತಿದ್ಲು. ಅದಕ್ಕೂ ಒಂದು ಕಾಯಂ ಮನಿ ಬೇಕಲ್ರಿ?"

"ಬೇಕು. ಹೋಗಿ ಹೇಳಿ ಬಾ."

ಸಂಜೆ ಗಿರಿಮಲ್ಲ ಸೇತುವೆ ದಾಟಿ ಹೋದ. ಬಾಳವ್ವ ಆಗಲೇ ಹಳೆಯ ಬಟ್ಟೆ ಜೋಡಿಸಿ ನಾಯಿಗೊಂದು ಸಣ್ಣ ಕೌದಿ ಹೊಲಿದಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹ್ವಾದ ವರ್ಷ ಒಂದು ನಾಯಿನ್ನ ಮಣ್ಣು ಮಾಡೀನಪ್ಪ. ಇಷ್ಟು ಲಗೂನ ಇನ್ನೊಂದು ನನ್ನ ಕೈಲೆ ಆಗಂಗಿಲ್ಲ. ಕರ್ಕೊಂಡು ಹೋಗು."

ಕೌದಿಯನ್ನು ಮಡಚಿ ಅವನ ಹೆಗಲ ಮೇಲೆ ಹಾಕಿ, ಬಾಗಿಲವರೆಗೆ ಬಂದು ಕೇಳಿದಳು: "ನಾಕು ತಿಂಗಳು ನೀನ ಜ್ವಾಪಾನ ಮಾಡಿದಿ. ನೀ ಯಾಕ ಇಟ್ಕೊಳ್ಳವಲ್ಲಿ?"

ಗಿರಿಮಲ್ಲ ಹಗ್ಗ ಹಿಡಿದು ಹೊರಟ. ಸೇತುವೆಯ ಮೇಲೆ ನಾಯಿಗೆ ಏದುಸಿರು ಹತ್ತಿತು. ಅಲ್ಲಿಂದ ಮಠದವರೆಗೂ ಎತ್ತಿಕೊಂಡೇ ನಡೆದ.

"ಏನಂದ್ಲು?" ಎಂದರು ಅಜ್ಜ.

ಅವಳ ಪ್ರಶ್ನೆಯನ್ನು ಹಾಗೇ ಒಪ್ಪಿಸಿದ.

"ನೀ ಏನಂದಿ?"

"ಏನೂ ಅನ್ಲಿಲ್ರಿ."

"ಈಗ ಅನ್ನು."

ಗಿರಿಮಲ್ಲ ನಾಯಿಯನ್ನು ಇಳಿಸಿ ಅದರ ಪಕ್ಕದಲ್ಲಿ ಕೂತ. ಬೆನ್ನು ಸವರುತ್ತ ಹೇಳಿದ: "ನಮ್ಮಣ್ಣ ಮೂರು ವರ್ಷ ಹಾಸಿಗಿ ಹಿಡಿದಿದ್ನರಿ. ನಾನ ನೋಡ್ಕೊಂಡೆ. ಕಡೀಗೆ ನನ್ನ ತೊಡಿ ಮ್ಯಾಲ ಹ್ವಾದ. ಅದಾದ ಮ್ಯಾಲ ಇಲ್ಲಿಗೆ ಬಂದೆ. ಮತ್ತೊಂದು ಸಾವು ನೋಡಾಕ ನನಗ ಅಂಜಿಕಿ ಐತ್ರಿ."

ಅಂಜಬೇಡ ಎಂದು ಅಜ್ಜ ಹೇಳಲಿಲ್ಲ. ಅವನ ಹೆಗಲಿನ ಕೌದಿ ತೆಗೆದುಕೊಂಡು ಒಳಗೆ ಹೋದರು. ಗಿರಿಮಲ್ಲನ ಕೋಣೆಯಲ್ಲಿ, ಅವನ ಚಾಪೆಯ ಪಕ್ಕದಲ್ಲಿ ಅದನ್ನು ಹಾಸಿ ಹೊರಗೆ ಬಂದರು.

ಅಷ್ಟರಲ್ಲಿ ನಾಯಿ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಕೂತಿತ್ತು.

"ಅಜ್ಜಾರ, ಅದರ ಮಾರಿ ನೋಡಿದಾಗೆಲ್ಲ ಇವತ್ತ ಸಾಯ್ತೈತೋ, ನಾಳೆ ಸಾಯ್ತೈತೋ ಅನ್ನೂದ ಕಾಣ್ತೈತ್ರಿ. ಹ್ಯಾಂಗ ಇಟ್ಕೊಳ್ಳಿ?"

ಅಜ್ಜ ಅಡುಗೆಮನೆಯ ಕಡೆ ನೋಡಿದರು.

"ಅದು ಸಾಯಾಕ ಕುಂತಿಲ್ಲೋ ಗಿರಿಮಲ್ಲ, ಉಣ್ಣಾಕ ಕುಂತೈತಿ. ಏಳು."