ಓಲೆಮನೆಯ ಪಾರುಪತ್ಯ

"ಗುರುಗಳೇ, ಒಂದು ಸಂಸ್ಥೆಯಲ್ಲಿ ಯಾರು ಮೇಲಿರಬೇಕು, ಯಾರು ಕೆಳಗಿರಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಈ ಶಿಷ್ಯ ಒಂದು ಕಂಪನಿ ನಡೆಸುತ್ತಿದ್ದ. ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ಮಾಹಿತಿಯನ್ನು ಕಂಪ್ಯೂಟರುಗಳಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದು ಅದರ ಕಸುಬು. ಕಂಪನಿ ಬೆಳೆದಿತ್ತು. ಯಂತ್ರಗಳನ್ನು ನೋಡಿಕೊಳ್ಳುವವನು ತಾನು ಮೇಲಿರಬೇಕು ಎನ್ನುತ್ತಿದ್ದ. ಕಳವಾಗದಂತೆ ಕಾಯುವವನು ತಾನು ಮೇಲಿರಬೇಕು ಎನ್ನುತ್ತಿದ್ದ. ಸೋಮವಾರ ಶಿಷ್ಯ ತೀರ್ಮಾನ ಹೇಳಬೇಕಿತ್ತು. ದೊಡ್ಡ ಹಾಳೆಯೊಂದರಲ್ಲಿ ಚೌಕಗಳನ್ನು ಬರೆದು, ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ತಂದಿದ್ದ.

ಗುರುಗಳು ಹಾಳೆಯನ್ನು ನೋಡಿ, "ಅಂದವಾಗಿದೆ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಬೇರೆಯವರ ತಾಳೆಗರಿಯ ಓಲೆಗಳನ್ನು ಕಾಪಾಡುವುದು ಅವನ ವ್ಯಾಪಾರ. ಮನೆಯಲ್ಲಿಟ್ಟರೆ ಗೆದ್ದಲು ತಿನ್ನುತ್ತದೆ, ಮಾಡು ಸೋರುತ್ತದೆ, ಬೆಂಕಿ ಬೀಳುತ್ತದೆ. ಆದ್ದರಿಂದ ಜನ ತಮ್ಮ ಓಲೆಗಳನ್ನು ತಂದು ಅವನಿಗೆ ಒಪ್ಪಿಸುತ್ತಿದ್ದರು. ವೈದ್ಯರು ಔಷಧದ ಓಲೆ ತರುತ್ತಿದ್ದರು, ಜೋಯಿಸರು ಜಾತಕ ತರುತ್ತಿದ್ದರು. ವರ್ಷಕ್ಕಿಷ್ಟು ಭತ್ತ ಕೊಟ್ಟರೆ ವರ್ತಕ ಅವನ್ನು ಕಣ್ಣಿನಂತೆ ಕಾಯುತ್ತಿದ್ದ.

ವ್ಯಾಪಾರ ಬೆಳೆಯಿತು, ಆಳುಗಳೂ ಬೆಳೆದರು. ಓಲೆ ತೆಗೆದುಕೊಳ್ಳಲು ಒಬ್ಬ. ಅದಕ್ಕೆ ಎಣ್ಣೆ ಸವರಲು ಒಬ್ಬ. ಹಲಗೆಯಿಟ್ಟು ಕಟ್ಟಲು ಒಬ್ಬ. ಗೆದ್ದಲು ನೋಡಲು ಇಬ್ಬರು, ಏಕೆಂದರೆ ಒಬ್ಬ ಮಲಗಿಬಿಡುತ್ತಿದ್ದ. ಇವರ ಮೇಲೆ ಮೇಲ್ವಿಚಾರಕರು. ಮೇಲ್ವಿಚಾರಕರ ಮೇಲೆ ಒಬ್ಬ ಪಾರುಪತ್ಯಗಾರ. ಎಲ್ಲರ ಮೇಲೆ ವರ್ತಕ. ಬೆಂಕಿ ಬಿದ್ದರೂ ಚಿಂತೆಯಿರಬಾರದೆಂದು ಹೊಳೆಯಾಚೆ ಇನ್ನೊಂದು ಮನೆ ಕಟ್ಟಿಸಿ, ಪ್ರತಿ ಓಲೆಯ ನಕಲನ್ನೂ ಅಲ್ಲಿ ಇಡಿಸಿದ್ದ. ಈ ಏರ್ಪಾಡನ್ನೆಲ್ಲ ಮರದ ಆಕಾರದಲ್ಲಿ ಗೋಡೆಯ ಮೇಲೆ ಬರೆಸಿದ್ದ. ಬಂದವರೆಲ್ಲ ಅದನ್ನು ನೋಡಿ ತಲೆದೂಗುತ್ತಿದ್ದರು. "ಇಷ್ಟು ವರ್ಷದಲ್ಲಿ ಒಂದು ಓಲೆಯೂ ಕಳೆದಿಲ್ಲ" ಎಂದು ವರ್ತಕ ಹೇಳುತ್ತಿದ್ದ. ಅದು ನಿಜವಾಗಿತ್ತು.

ಒಂದು ಬೆಳಿಗ್ಗೆ ಒಬ್ಬ ರೈತನ ಹೆಂಡತಿ ಬಂದಳು. ಅವಳ ಮಗಳ ಮದುವೆ ನಾಡಿದ್ದು. ಅವಳ ತವರಿನಲ್ಲಿ ಹೆಣ್ಣು ಒಪ್ಪಿಸುವಾಗ ತಾಯಿ ಒಂದು ಹಾಡು ಹೇಳಬೇಕು. ಆ ಹಾಡು ಬೇರೆ ಯಾವ ಮನೆಯಲ್ಲೂ ಇಲ್ಲ. ಅವಳ ತಾಯಿ ಸಾಯುವ ಮುಂಚೆ ಅದನ್ನು ಓಲೆಯಲ್ಲಿ ಬರೆಸಿ ಇಲ್ಲಿ ಇಡಿಸಿದ್ದಳು. ಇವಳಿಗೆ ಈಗ ಮೊದಲ ಸಾಲು ಮಾತ್ರ ನೆನಪಿತ್ತು. ಹಾಡಿಲ್ಲದೆ ಹೆಣ್ಣು ಒಪ್ಪಿಸಿದರೆ ಅವಳ ಮಟ್ಟಿಗೆ ಅದು ಮದುವೆಯೇ ಅಲ್ಲ.

ಬಾಗಿಲಲ್ಲಿದ್ದವನು, "ನಾನು ತೆಗೆದುಕೊಳ್ಳುವವನು ತಾಯಿ, ಕೊಡುವವನಲ್ಲ. ಕಟ್ಟುವವನನ್ನು ಕೇಳಿ" ಎಂದ. ಕಟ್ಟುವವನು, "ಕಟ್ಟಿದ್ದನ್ನು ಬಿಚ್ಚಬೇಕಾದರೆ ಮೇಲ್ವಿಚಾರಕರ ಅಪ್ಪಣೆ ಬೇಕು" ಎಂದ. ಅವನ ಮೇಲ್ವಿಚಾರಕ ಎಣ್ಣೆಯ ಮೇಲ್ವಿಚಾರಕನನ್ನು ತೋರಿಸಿದ. ಎಣ್ಣೆಯ ಮೇಲ್ವಿಚಾರಕ, "ನಾಳೆ ಬನ್ನಿ" ಎಂದ. ಹಿಂದೆ ಬಂದವರೆಲ್ಲ ಈ ಮಾತು ಕೇಳಿ ಹೋಗಿಬಿಡುತ್ತಿದ್ದರು. ಇವಳು ಹೋಗಲಿಲ್ಲ. ನೇರವಾಗಿ ವರ್ತಕನ ಮುಂದೆ ಹೋಗಿ ಕೂತಳು.

ವರ್ತಕ ಪಾರುಪತ್ಯಗಾರನನ್ನು ಕರೆಸಿದ. ಪಾರುಪತ್ಯಗಾರ ವಿನಯದಿಂದ ಹೇಳಿದ:

"ನಿಮ್ಮ ಓಲೆ ಕಳೆದಿಲ್ಲ, ತಾಯಿ. ಎಲ್ಲಿದೆ ಎಂದು ಗೊತ್ತಿಲ್ಲ, ಅಷ್ಟೆ."

"ಕುಡುಗೋಲು ಎಲ್ಲಿ ಎಂದರೆ ನನ್ನ ಗಂಡನೂ ಹೀಗೇ ಹೇಳುತ್ತಾನೆ. ಅವನಿಗೆ ಮಾತ್ರ ಯಾರೂ ಭತ್ತ ಕೊಡುವುದಿಲ್ಲ."

"ಓಲೆಗಳನ್ನೆಲ್ಲ ಮೇಲ್ವಿಚಾರಕರ ಲೆಕ್ಕದಲ್ಲಿ ಇಟ್ಟಿದ್ದೇವೆ. ಇದು ಈ ಮೇಲ್ವಿಚಾರಕರ ಸಾಲು, ಅದು ಆ ಮೇಲ್ವಿಚಾರಕರ ಸಾಲು. ಅವರು ಬದಲಾದರೆ ಓಲೆಗಳೂ ಅವರ ಹಿಂದೆ ಹೋಗುತ್ತವೆ."

"ನನ್ನ ಅವ್ವನ ಹಾಡು ಯಾರ ಹಿಂದೆ ಹೋಯಿತು?"

ಪಾರುಪತ್ಯಗಾರ ಸಾಲುಗಳ ಕಡೆ ತಿರುಗಿ ನೋಡಿದ.

"ಅವ್ವ ಅದನ್ನು ತನ್ನ ಹಳದಿ ಸೀರೆಯ ತುಂಡಿನಲ್ಲಿ ಸುತ್ತಿದ್ದಳು. ಕಂಡರೆ ಗುರುತಿಸುತ್ತೇನೆ" ಎಂದಳು ಹೆಂಗಸು.

"ಎಲ್ಲವೂ ಒಂದೇ ಥರ ಕಾಣಲಿ ಎಂದು ಹಳೆಯ ಬಟ್ಟೆಗಳನ್ನು ತೆಗೆಸಿ ಕೆಂಪು ಬಟ್ಟೆ ಸುತ್ತಿಸಿದೆವು."

ವರ್ತಕ ನಡುವೆ ಬಾಯಿ ಹಾಕಿದ. "ಹೊಳೆಯಾಚೆಯ ಮನೆಯಲ್ಲಿ ನಕಲು ಇದೆಯಲ್ಲ?"

"ಇದೆ, ಸ್ವಾಮಿ. ಅಲ್ಲಿಯೂ ಇಲ್ಲಿಯ ಹಾಗೆಯೇ ಇಟ್ಟಿದ್ದೇವೆ. ಒಂದಿಷ್ಟೂ ವ್ಯತ್ಯಾಸವಿಲ್ಲ."

ವರ್ತಕ ಗೋಡೆಯ ಮೇಲಿನ ಮರವನ್ನು ನೋಡಿದ. ಬುಡದಿಂದ ತುದಿಯವರೆಗೆ ಬೆರಳಾಡಿಸಿದ. ತೆಗೆದುಕೊಳ್ಳುವ ಕೊಂಬೆ ಇತ್ತು, ಕಾಯುವ ಕೊಂಬೆ ಇತ್ತು, ಗೆದ್ದಲಿಗೂ ಒಂದು ಕೊಂಬೆ ಇತ್ತು. ಹಿಂದಕ್ಕೆ ಕೊಡುವ ಕೊಂಬೆ ಇರಲಿಲ್ಲ. ಹೆಂಗಸು ಅವನನ್ನೇ ನೋಡುತ್ತಿದ್ದಳು. ಅವಳು ಬಯ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳ ಕಣ್ಣು ತುಂಬಿತ್ತು.

ವರ್ತಕ ಎದ್ದು ಒಳಗೆ ಹೋದ. ಮೊದಲ ಸಾಲಿನ ಮುಂದೆ ನೆಲದ ಮೇಲೆ ಕೂತು ಒಂದು ಕಟ್ಟನ್ನು ಬಿಚ್ಚಲು ನೋಡಿದ. ಗಂಟು ಬಿಚ್ಚಿಕೊಳ್ಳಲಿಲ್ಲ. ಕಟ್ಟುವವನು ನಗು ತಡೆದುಕೊಂಡು ಪಕ್ಕದಲ್ಲಿ ಕೂತ. "ಎಳೆಯಬೇಡಿ, ಸ್ವಾಮಿ. ತಳ್ಳಬೇಕು" ಎಂದು ತೋರಿಸಿದ. ಅದನ್ನು ಕಂಡು ಎಣ್ಣೆಯವನೂ ಬಂದು ಕೂತ. ಮೇಲ್ವಿಚಾರಕರು ಸ್ವಲ್ಪ ಹೊತ್ತು, ಯಾರ ಸಾಲಿನಿಂದ ಶುರುಮಾಡುವುದು ಯುಕ್ತ ಎಂದು ಚರ್ಚಿಸಿದರು. ಯಾರೂ ಕೇಳಿಸಿಕೊಳ್ಳದಿದ್ದುದರಿಂದ ಅವರೂ ಕೂತರು.

ಹೆಂಗಸು ಸಾಲುಗಳ ನಡುವೆ ಓಡಾಡುತ್ತ ತನಗೆ ಗೊತ್ತಿದ್ದ ಒಂದೇ ಸಾಲನ್ನು ಹಾಡುತ್ತಿದ್ದಳು:

ಹೊಸಿಲು ದಾಟೋ ಮಗಳೆ, ತಿರುಗಿ ನೋಡಲು ಬೇಡ...

ಇವರು ಬಿಚ್ಚಿ ಓದುತ್ತಿದ್ದರು. ಅಷ್ಟು ವರ್ಷ ಕಾದಿದ್ದು ಏನನ್ನು ಎಂದು ಅವರಿಗೆ ಅಂದೇ ತಿಳಿದದ್ದು. ಒಂದರಲ್ಲಿ ಬಿಕ್ಕಳಿಕೆಗೆ ಮದ್ದು ಇತ್ತು. ಒಂದರಲ್ಲಿ ಮಾವಿನ ಮಿಡಿ ಕೆಡದಂತೆ ಉಪ್ಪಿನಕಾಯಿ ಹಾಕುವ ಕ್ರಮ ಇತ್ತು. ಒಂದರಲ್ಲಿ ಯಾರೋ ತನ್ನ ಎತ್ತುಗಳನ್ನು ಹೊಗಳಿ ಪದ್ಯ ಬರೆದಿದ್ದ. ಹೆಂಡತಿಯ ಬಗ್ಗೆಯೂ ಒಂದು ಪದ್ಯವಿತ್ತು, ಅದು ಚಿಕ್ಕದು. ಅದನ್ನು ಗಟ್ಟಿಯಾಗಿ ಓದಿದಾಗ ಗೆದ್ದಲು ನೋಡುವವರಲ್ಲೊಬ್ಬ ನಕ್ಕು ನಕ್ಕು ಒರಗಿಬಿಟ್ಟ. ಬಾಗಿಲಿನವನು ಪಾರುಪತ್ಯಗಾರನಿಗೆ, "ಆ ಕಟ್ಟು ಈಚೆ ತಳ್ಳಿ" ಎಂದ. ಪಾರುಪತ್ಯಗಾರ ತಳ್ಳಿದ. ಮಧ್ಯಾಹ್ನ ಎಲ್ಲರೂ ಅಲ್ಲೇ ಮಜ್ಜಿಗೆ ಕುಡಿದರು.

ಹೊತ್ತು ಇಳಿಯುವಾಗ ಹೆಂಗಸಿನ ಗಂಟಲು ಕಟ್ಟಿತು. ಅವಳು ಒಂದು ಕಂಬಕ್ಕೆ ಒರಗಿ ಸುಮ್ಮನಾದಳು. ಆಗ ಮೂಲೆಯಿಂದ ಇನ್ನೊಂದು ದನಿ ಕೇಳಿತು. ಅದು ಒರಟು ದನಿ, ರಾಗವೂ ಸರಿಯಿರಲಿಲ್ಲ. ಪಾರುಪತ್ಯಗಾರ ಹಾಡುತ್ತಿದ್ದ:

ಹೊಸಿಲು ದಾಟೋ ಮಗಳೆ, ತಿರುಗಿ ನೋಡಲು ಬೇಡ,
ನೋಡಿದರೆ ನಾನೂ ಬಂದೇನು ನಿನ ಹಿಂದೆ,
ಅತ್ತೆಗೆ ಎರಡು ತಲೆನೋವು.

"ಇದೇ, ಇದೇ ನಮ್ಮವ್ವನ ಮಾತು" ಎಂದು ಹೆಂಗಸು ಅತ್ತಳು, ನಕ್ಕಳು. ಅವಳಿಗೆ ಓದು ಬಾರದು. ಆದ್ದರಿಂದ ಪಾರುಪತ್ಯಗಾರ ಒಂದೊಂದೇ ಸಾಲು ಓದಿಕೊಟ್ಟ, ಅವಳು ಹೇಳಿಕೊಂಡಳು. ಅವಳಿಗೆ ಬಾಯಿಗೆ ಬರುವ ಹೊತ್ತಿಗೆ ಓಲೆಮನೆಯವರೆಲ್ಲರಿಗೂ ಬಾಯಿಗೆ ಬಂದಿತ್ತು. "ನಾಡಿದ್ದು ಊಟಕ್ಕೆ ಬರಬೇಕು, ಎಲ್ಲರೂ" ಎಂದು ಕರೆದು ಅವಳು ಹೊರಟಳು. ಎಲ್ಲರೂ ಹೋದರು. ಹೆಣ್ಣು ಒಪ್ಪಿಸುವಾಗ ತಾಯಿಯ ಹಿಂದೆ ಓಲೆಮನೆಯ ಆಳುಗಳೂ ದನಿಗೂಡಿಸಿದರು. ಬೀಗಿತ್ತಿಗೂ ನಗು ತಡೆಯಲಾಗಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. ನಗುತ್ತಲೇ ಹಾಳೆಯನ್ನು ಬಿಡಿಸಿ, ಜೇಬಿನಿಂದ ಪೆನ್ನು ತೆಗೆದು, ಹೊಸದೊಂದು ಚೌಕ ಬರೆದ.

"ಓಲೆ ಹಿಂದಕ್ಕೆ ಕೊಡುವ ಕೆಲಸಕ್ಕೆ ವರ್ತಕ ಕೊನೆಗೆ ಯಾರನ್ನು ನೇಮಿಸಿದ, ಗುರುಗಳೇ? ಅವನನ್ನು ಯಾರ ಕೆಳಗೆ ಇಟ್ಟ?"

ಗುರುಗಳು ಹೇಳಿದರು: "ಅಂದು ನೆಲದ ಮೇಲೆ ಕೂತವರಲ್ಲಿ ಯಾರೂ ಅದನ್ನು ಕೇಳಲಿಲ್ಲ."