ಕಡವಿನ ಕಲ್ಲಿನ ದೊರೆ

ನೈಲ್ ನದಿಯ ದಂಡೆಯಲ್ಲಿ ಹಾಗೊಂದು ಕಾಲವಿತ್ತು. ಮೇಲಿನ ಊರಿಗೊಬ್ಬ ದೊರೆ, ಕೆಳಗಿನ ಊರಿಗೊಬ್ಬ ದೊರೆ. ಒಬ್ಬನ ಹೆಸರು ಜನರ ಬಾಯಿಗೆ ರೂಢಿಯಾಗುವಷ್ಟರಲ್ಲಿ ಇನ್ನೊಬ್ಬ ಸಿಂಹಾಸನದಲ್ಲಿ ಕೂತಿರುತ್ತಿದ್ದ.

ಸೆನೆಹೋರ ಅಂಥ ದೊರೆಗಳಲ್ಲಿ ಒಬ್ಬ. ಹಿಂದಿನವನನ್ನು ಇಳಿಸಿದ ಸೈನಿಕರೇ ಇವನನ್ನು ಹತ್ತಿಸಿದ್ದರು. ನದಿಗೆ ನೆರೆ ಬಂದಾಗ ಪಟ್ಟವೇರಿದ. ನೆರೆ ಇಳಿದು ಬಿತ್ತನೆ ಶುರುವಾಗುವ ಹೊತ್ತಿಗೆ ಉತ್ತರದ ದೊರೆಯ ದಂಡು ಹಡಗು ಹತ್ತಿ ಹೊರಟ ಸುದ್ದಿ ಬಂತು.

ಸಾವಿಗೆ ಅವನು ಅಂಜಲಿಲ್ಲ. ಅವನ ಹೆದರಿಕೆಯೇ ಬೇರೆ. ಸತ್ತವನ ಹೆಸರನ್ನು ಬದುಕಿರುವವರು ಹೇಳುತ್ತಿರುವ ತನಕ ಆ ಲೋಕದಲ್ಲಿ ಅವನಿಗೆ ಅನ್ನ ನೀರು ಉಂಟು, ಹೇಳುವುದು ನಿಂತ ದಿನ ಅವನು ಎರಡನೇ ಸಲ ಸಾಯುತ್ತಾನೆ ಎಂಬುದು ಆ ನಾಡಿನ ನಂಬಿಕೆ. ಸೆನೆಹೋರನಿಗೆ ಒಂದು ಗೋರಿ ತೋಡಿಸುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ.

ಊರಿನ ಕಡವಿನಲ್ಲಿ, ಜನ ದೋಣಿ ಹತ್ತುವ ಜಾಗದಲ್ಲಿ, ಹಳೆಯ ಕಲ್ಲೊಂದು ನಿಂತಿತ್ತು. ಹೋಗುವವರು ಬರುವವರು ಅದರ ಬುಡಕ್ಕೆ ಒಂದು ಬೊಗಸೆ ನೀರು ಹೊಯ್ದು, ಹಪುಸೆನನೆಂಬ ಹಿಂದಿನ ಕಾಲದ ದೊರೆಯ ಹೆಸರು ಹೇಳಿ ಮುಂದೆ ಹೋಗುವುದು ವಾಡಿಕೆ. ಅವನೂ ಹೆಚ್ಚು ದಿನ ಆಳಿದವನಲ್ಲವಂತೆ. ಸೆನೆಹೋರ ಕಲ್ಲುಕುಟಿಗರನ್ನು ಕರೆಸಿದ. ಕಲ್ಲಿನ ಮೇಲಿರುವ ಹೆಸರನ್ನು ಕೆರೆದು ತನ್ನದನ್ನು ಕೆತ್ತಿ ಎಂದ. ಕೆತ್ತಿದರು. ಇನ್ನು ಚಿಂತೆಯಿಲ್ಲ ಎಂದುಕೊಂಡ.

ಮರುದಿನ ಉತ್ತರದ ದಂಡು ಬಂದು ಮುಟ್ಟುವುದಿತ್ತು. ಬೆಳಿಗ್ಗೆ ಕಿರೀಟ ಬಿಚ್ಚಿಟ್ಟು, ಸಾದಾ ಬಟ್ಟೆ ಉಟ್ಟು ಕಡವಿಗೆ ಬಂದ. ಅಲ್ಲೇ ಒಂದು ಮಣ್ಣಿನ ಗುಡಿಸಲಿನಲ್ಲಿ ಅವನ ಗುರುಗಳು ಪೆನಮೂನ್ ಇದ್ದರು. ಚಿಕ್ಕಂದಿನಲ್ಲಿ ಅವನಿಗೆ ಅಕ್ಷರ ಕಲಿಸಿದವರು. ದೊರೆಯಾದ ಮೇಲೂ ಅವನನ್ನು ಏಕವಚನದಲ್ಲಿ ಮಾತಾಡಿಸುವ ಎದೆ ಊರಲ್ಲಿ ಅವರೊಬ್ಬರಿಗೇ ಇತ್ತು.

"ಗುರುಗಳೇ, ಕಲ್ಲಿನ ಮೇಲೆ ಅಕ್ಷರ ಹೇಗೆ ಬಂದಿವೆ?"

"ಚೆನ್ನಾಗಿವೆ. ಕೂತುಕೋ."

ಕೂತ. ದೋಣಿ ನಡೆಸುವ ತಾಮಿತ್ ಎಂಬ ಹೆಂಗಸು ಬಂದಳು. ಕಲ್ಲಿಗೆ ನೀರು ಹೊಯ್ದು, ಹಪುಸೆನ ದೊರೆಗೆ ರೊಟ್ಟಿ ಸಿಗಲಿ, ನೀರು ಸಿಗಲಿ ಎಂದಳು. ಅವಳ ಹಿಂದೆ ಮೀನು ಮಾರುವವರು, ಇಟ್ಟಿಗೆ ಹೊರುವವರು ಬಂದರು. ಎಲ್ಲರೂ ಅದನ್ನೇ ಹೇಳಿದರು.

ಸೆನೆಹೋರನಿಗೆ ಮೈಯೆಲ್ಲ ಉರಿಯಿತು. ತನ್ನ ಹೆಸರಿನ ಮುಂದೆಯೇ ನಿಂತು ಇನ್ನೊಬ್ಬನಿಗೆ ಬಡಿಸುತ್ತಿದ್ದಾರೆ! ತಾಮಿತಳನ್ನು ಕರೆದು, ಕಲ್ಲಿನ ಮೇಲೆ ಏನು ಬರೆದಿದೆ ಎಂದು ಗದರಿ ಕೇಳಿದ. ಯಾರೋ ಅಧಿಕಾರಿ ಇರಬೇಕೆಂದು ಅವಳು ಕೈಕಟ್ಟಿ ನಿಂತಳು.

"ನಂಗೆಲ್ಲಿ ಓದಕ್ಕೆ ಬರ್ತದೆ ಬುದ್ಧಿ? ನಮ್ಮವ್ವ ಹಿಂಗೇ ಹೇಳೋಳು, ನಾನೂ ಹಿಂಗೇ ಹೇಳ್ತೀನಿ."

ಊರಿನಲ್ಲಿ ಓದು ಬಲ್ಲವರು ಬೆರಳೆಣಿಕೆಯ ಮಂದಿ ಎನ್ನುವುದು ದೊರೆಗೆ ಆಗ ಹೊಳೆಯಿತು. ಅಕ್ಷರ ಕಲಿತವನಿಗೆ ಲೋಕವೆಲ್ಲ ಓದುತ್ತದೆ ಎಂಬ ಭ್ರಮೆ. ಅವನು ದೊರೆಯೂ ಆಗಿಬಿಟ್ಟರೆ ಕೇಳುವುದೇ ಬೇಡ.

"ಆ ಹಪುಸೆನ ನಿಮಗೇನು ಕೊಟ್ಟ?"

"ಕೊಟ್ಟಿದ್ದೇನೂ ಇಲ್ಲ ಬುದ್ಧಿ. ಅವನ ಕಾಲದಲ್ಲೂ ಹಿಂಗೇ ದಂಡು ಬಂದಿತ್ತಂತೆ. ಗೆಲ್ಲಕ್ಕಾಗಲ್ಲ ಅಂತ ಗೊತ್ತಾಗಿ, ಕೋಟೆ ಮೇಲಿದ್ದೋರನ್ನೆಲ್ಲ ಮನೆಗೆ ಕಳಿಸಿ, ತಾನೊಬ್ಬನೇ ದೋಣಿ ಹತ್ತಿ ಅವರ ಹತ್ರ ಹೋದನಂತೆ. ತಿರುಗಿ ಬರ್ಲಿಲ್ಲ. ನಮ್ಮಪ್ಪ ಮನೆಗೆ ಬಂದ. ಆಮೇಲೆ ನಾನು ಹುಟ್ಟಿದೆ."

ಈಗ ತನ್ನ ಮಗನೂ ಕೋಟೆ ಮೇಲಿದ್ದಾನೆ ಎಂದು ತಗ್ಗಿದ ದನಿಯಲ್ಲಿ ಹೇಳಿ ದೋಣಿಯ ಕಡೆ ಹೋದಳು.

"ಹೇಡಿ," ಎಂದ ಸೆನೆಹೋರ.

ಗುರುಗಳು ಎದ್ದು, ಅವನ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟರು. ಹೆಸರು ಕೆತ್ತಿದ ಜಾಗ ಬಟ್ಟಲಿನ ಹಾಗೆ ತಗ್ಗಾಗಿತ್ತು. ಒಂದು ಸಲ ಕೆರೆದರೆ ಅಷ್ಟು ತಗ್ಗು ಬೀಳುವುದಿಲ್ಲ.

"ಕೆರೆಸುವ ಮುಂಚೆ ಇಲ್ಲಿ ಯಾರ ಹೆಸರಿತ್ತು, ಓದಿದ್ದೆಯಾ?"

"ಹಪುಸೆನನದಲ್ಲವೇ?"

"ಅವನದನ್ನು ಕೆರೆದು ಹಾಕಿ ಎಷ್ಟೋ ಕಾಲವಾಯಿತು. ಆಮೇಲೆ ಬಂದವರು ಒಬ್ಬರದನ್ನೊಬ್ಬರು ಕೆರೆಯುತ್ತ ಬಂದಿದ್ದಾರೆ."

ಸೆನೆಹೋರ ಕೈ ತೆಗೆದ.

"ಇವತ್ತಿನ ಕಾಳಗ ಗೆಲ್ಲುತ್ತೀಯಾ?" ಎಂದು ಕೇಳಿದರು ಗುರುಗಳು.

"ಇಲ್ಲ."

"ಮತ್ತೆ ಆ ಹುಡುಗರೆಲ್ಲ ಕೋಟೆ ಮೇಲೆ ಯಾಕಿದ್ದಾರೆ?"

ಊರಿಗಾಗಿ, ದೇವರಿಗಾಗಿ ಎನ್ನಬಹುದಿತ್ತು. ಆಸ್ಥಾನದಲ್ಲಿ ಹಾಗೆಂದೇ ಹೇಳಿ ಬಂದಿದ್ದ. ಗುರುಗಳ ಮುಂದೆ ಇದ್ದದ್ದನ್ನೇ ಹೇಳಿದ.

"ಕಾದಾಡಿ ಸತ್ತ ದೊರೆ ಅಂತ ಜನ ನನ್ನನ್ನು ನೆನೆಯಲಿ ಅಂತ."

ಆ ಮಾತು ತನ್ನ ಕಿವಿಗೇ ಬಿದ್ದಾಗ ಅವನಿಗೆ ನಾಚಿಕೆಯಾಯಿತು. ನದಿಯ ತಿರುವಿನಲ್ಲಿ ಉತ್ತರದವರ ಹಾಯಿಗಳು ಕಾಣಿಸಿಕೊಂಡವು.

ಸೆನೆಹೋರ ದೂರದಲ್ಲಿದ್ದ ಕಾವಲುಗಾರನನ್ನು ಕರೆದು ಮುದ್ರೆಯುಂಗುರ ಕೊಟ್ಟ. ಕೋಟೆಯ ಬಾಗಿಲು ತೆಗೆಯಲಿ, ಆಯುಧ ಕೆಳಗಿಟ್ಟು ಎಲ್ಲರೂ ಮನೆಗೆ ಹೋಗಲಿ ಎಂದ. ಕಾವಲುಗಾರ ನಂಬಲಾರದೆ ನಿಂತೇ ಇದ್ದ. ಇನ್ನೊಮ್ಮೆ ಗದರಿದ ಮೇಲೆ ಓಡಿದ. ಸೆನೆಹೋರ ದೋಣಿಯತ್ತ ನಡೆದ.

ತಾಮಿತಳಿಗೆ ಅವನು ಯಾರೆಂದು ಈಗ ತಿಳಿಯಿತು. ದೋಣಿಯ ಹಲಗೆಯನ್ನು ಸೆರಗಿನಿಂದ ಒರೆಸಿ, ಹುಟ್ಟು ಹಾಕಲು ತಾನೇ ಕೂತಳು.

"ನೀನು ಇಳಿ ತಾಯಿ. ನಿನ್ನ ಮಗ ಬರುತ್ತಾನೆ," ಎಂದು ಸೆನೆಹೋರ ಹುಟ್ಟನ್ನು ತೆಗೆದುಕೊಂಡ.

ದೋಣಿಯಲ್ಲಿ ಕಾಲಿಟ್ಟ. ಸಾವಿನ ಹೆದರಿಕೆ ಈಗ ಬಂದಿತ್ತು. ಹಳೆಯ ಆಸೆಯೂ ಪೂರ್ತಿ ಹೋಗಿರಲಿಲ್ಲ.

"ಗುರುಗಳೇ, ಇನ್ನಾದರೂ ಇವರು ನನ್ನ ಹೆಸರು ಹೇಳುತ್ತಾರಾ?"

ಅಷ್ಟರಲ್ಲಿ ಕೋಟೆಯ ಬಾಗಿಲು ತೆರೆದಿತ್ತು. ಹುಡುಗರು ಧೂಳೆಬ್ಬಿಸಿಕೊಂಡು ಇಳಿದು ಬರುತ್ತಿದ್ದರು. ಓಣಿ ಓಣಿಗಳಿಂದ ಹೆಂಗಸರು ಕೂಗುತ್ತ ಎದುರಿಗೆ ಓಡುತ್ತಿದ್ದರು.

ಗುರುಗಳು ಬಗ್ಗಿ ದೋಣಿಯ ಹಗ್ಗ ಬಿಚ್ಚಿದರು.

"ಈಗ ಅವರವರ ಮಕ್ಕಳ ಹೆಸರು ಕೂಗುತ್ತಿದ್ದಾರೆ, ಮಗೂ. ಅದನ್ನು ಕೇಳಿಸಿಕೊಂಡು ಹೋಗು."